ನಿರುಕ್ತಿಯ ಆಸರೆ, ಬಳಕೆಯ ಸಾಕ್ಷ್ಯ: ಬೇಲೂರು–ಅರಸೀಕೆರೆ ಸೀಮೆಯ ಸಮುದಾಯನಾಮಗಳನ್ನು ಕುರಿತು

ಸಾರಾಂಶ: ಹೀನಾರ್ಥ ಪಡೆದ ಸಮುದಾಯನಾಮಗಳನ್ನು ಎದುರಿಸಲು ಕನ್ನಡದಲ್ಲಿ ಎರಡು ದಾರಿಗಳು ರೂಢಿಯಲ್ಲಿವೆ. ಒಂದು, ಪದಕ್ಕೆ ಗೌರವದ ವ್ಯುತ್ಪತ್ತಿಯನ್ನು ಕಲ್ಪಿಸುವುದು; ಇನ್ನೊಂದು, ಪದವನ್ನೇ ಬದಲಿಸುವುದು. ‘ಹೊಲೆಯ’ ಪದದ ರೂಪರಚನೆಯನ್ನು ಪರಿಶೀಲಿಸಿ, ಬೇಲೂರಿನ ‘ತಿರುಕುಲ’ದಿಂದ 2025ರ ಒಳಮೀಸಲಾತಿ ಸಮೀಕ್ಷೆಯವರೆಗಿನ ನಾಮಪಲ್ಲಟಗಳನ್ನು ನೋಡಿದರೆ ಎರಡೂ ದಾರಿಗಳ ಮಿತಿ ತಿಳಿಯುತ್ತದೆ ಎಂಬುದು ಈ ಬರಹದ ವಾದ. ಇಲ್ಲಿ ಬರುವ ಹೀನಾರ್ಥಕ ಪದಗಳು ವಿಶ್ಲೇಷಣೆಯ ವಸ್ತುಗಳಾಗಿ ಮಾತ್ರ ಉಲ್ಲೇಖಗೊಂಡಿವೆ.

1. ಪ್ರಶ್ನೆ

ಸಮುದಾಯವೊಂದರ ಹೆಸರು ಬೈಗುಳವಾದಾಗ ನಮ್ಮ ವಿದ್ವತ್ತು ಮೊದಲು ತಿರುಗುವುದು ಪದದ ಮೂಲದ ಕಡೆಗೆ. ಮೂಲದಲ್ಲಿ ಗೌರವದ ಅರ್ಥವಿತ್ತೆಂದು ತೋರಿಸಿದರೆ ಪದಕ್ಕೂ ಜನಕ್ಕೂ ನ್ಯಾಯ ದೊರಕಿತೆಂಬ ನಂಬಿಕೆ ಇದರ ಹಿಂದಿದೆ. ‘ಹೊಲೆಯ’ ಎಂದರೆ ‘ಹೊಲದವನು’, ಆದ್ದರಿಂದ ನೆಲದ ಮೂಲ ಒಡೆಯ ಎಂಬ ವಿವರಣೆ ಇದಕ್ಕೆ ಪ್ರಸಿದ್ಧ ನಿದರ್ಶನ. ವೇದಿಕೆಗಳಲ್ಲೂ ಸಂಶೋಧನ ಪ್ರಬಂಧಗಳಲ್ಲೂ ಇದು ಮತ್ತೆ ಮತ್ತೆ ಕೇಳಿಬರುತ್ತದೆ. ಅದನ್ನು ಹೇಳುವವರ ಉದ್ದೇಶ ಸದುದ್ದೇಶವೇ. ಆದರೆ ಉದ್ದೇಶ ಒಳ್ಳೆಯದೆಂಬ ಕಾರಣಕ್ಕೆ ಭಾಷಾಶಾಸ್ತ್ರ ಅದನ್ನು ಪರೀಕ್ಷಿಸದೆ ಬಿಡಲಾಗದು.

ಈ ವಿವರಣೆಗೆ ವಸಾಹತುಕಾಲದ ಹಿನ್ನೆಲೆಯಿದೆ. ಮೈಸೂರು ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದ ಕ್ಯಾಪ್ಟನ್ ಮೆಕೆಂಜಿ 1873ರ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಕೇರಿಯ ಸ್ಥಾನವನ್ನೂ ಊರ ಗಡಿಯ ವಿವಾದಗಳಲ್ಲಿ ಕುಳವಾಡಿಯ ಮಾತಿಗಿದ್ದ ಮನ್ನಣೆಯನ್ನೂ ಗಮನಿಸಿ, ಈ ಜನ ಒಂದು ಕಾಲಕ್ಕೆ ನೆಲದ ಒಡೆಯರಾಗಿದ್ದಿರಬೇಕೆಂಬ ಕಡೆಗೆ ವಾಲಿದರು. ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ಸಂಪುಟಗಳಲ್ಲಿ ಎರಡು ವ್ಯುತ್ಪತ್ತಿಗಳು ಅಕ್ಕಪಕ್ಕದಲ್ಲಿ ನಿಂತಿವೆ: ಮೈಲಿಗೆ ಎಂಬರ್ಥದ ‘ಹೊಲೆ’ಯಿಂದ ಬಂದದ್ದೆಂಬುದು ಒಂದು, ಭೂಮಿ ಎಂಬರ್ಥದ ‘ಹೊಲ’ದಿಂದ ಬಂದದ್ದೆಂಬುದು ಇನ್ನೊಂದು. ಕುಳವಾಡಿಯ ಅಧಿಕಾರ ಸಾಮಾಜಿಕ ಇತಿಹಾಸಕ್ಕೆ ಬೆಲೆಯುಳ್ಳ ಸಾಕ್ಷ್ಯ. ಪದದ ಹುಟ್ಟಿಗೆ ಅದು ಸಾಕ್ಷ್ಯವಾಗಬಲ್ಲುದೆ ಎಂಬುದು ಬೇರೆಯೇ ಪ್ರಶ್ನೆ.

2. ರೂಪರಚನೆ ಏನು ಹೇಳುತ್ತದೆ

ಹಳಗನ್ನಡದ ‘ಪೊಲಂ’ ಮಕಾರಾಂತ ನಪುಂಸಕ ನಾಮ. ‘ನೆಲಂ’, ‘ಮರಂ’ಗಳ ಸಾಲಿನದು. ಅದರ ಷಷ್ಠೀರೂಪ ‘ಹೊಲದ’. ಇಂಥ ಪ್ರಕೃತಿಗಳಿಂದ ‘ಅದಕ್ಕೆ ಸಂಬಂಧಿಸಿದವನು’ ಎಂಬರ್ಥದ ನಾಮವನ್ನು ಸಾಧಿಸಲು ಕನ್ನಡ ಸಾಮಾನ್ಯವಾಗಿ ‘ಇಗ’ ಪ್ರತ್ಯಯವನ್ನು ಬಳಸುತ್ತದೆ: ಗಾಣ–ಗಾಣಿಗ, ಕನ್ನಡ–ಕನ್ನಡಿಗ. ಹೊಲದಿಂದ ಹುಟ್ಟಿದ್ದರೆ ನಾವು ನಿರೀಕ್ಷಿಸಬೇಕಾದ ರೂಪ ‘ಹೊಲಿಗ’. ‘ಹೊಲೆಯ’ದಲ್ಲಿರುವ ಎಕಾರಕ್ಕೂ ಯಕಾರಾಗಮಕ್ಕೂ ‘ಹೊಲ’ ಉತ್ತರ ಕೊಡುವುದಿಲ್ಲ.

ಎಕಾರಾಂತ ಪ್ರಕೃತಿ ಈ ಎರಡಕ್ಕೂ ಉತ್ತರ ಕೊಡುತ್ತದೆ. ಗೆಳೆ–ಗೆಳೆಯ, ಒಡೆ–ಒಡೆಯ, ಹೊಲೆ–ಹೊಲೆಯ ಎಂಬ ಮೂರೂ ಒಂದೇ ಅಚ್ಚಿನವು. ಸ್ತ್ರೀಲಿಂಗ ರೂಪಗಳು ಇದನ್ನು ಇನ್ನಷ್ಟು ಗಟ್ಟಿ ಮಾಡುತ್ತವೆ. ‘ಹೊಲತಿ’ ಎಂಬ ರೂಪದಲ್ಲಿ ಅಕಾರ ಕಾಣುವುದರಿಂದ ಮೂಲ ‘ಹೊಲ’ವೇ ಎಂದು ವಾದಿಸಲು ಎಡೆಯಿದೆ. ಆದರೆ ‘ಗೆಳತಿ’, ‘ಒಡತಿ’ಗಳಲ್ಲಿಯೂ ಇದೇ ಪಲ್ಲಟವಿದೆ, ಅದು ‘ತಿ’ ಪ್ರತ್ಯಯದ ಮುಂದೆ ನಡೆಯುವ ನಿಯತ ವ್ಯಾಪಾರ. ಸೋದರ ಭಾಷೆಗಳ ಸಾಕ್ಷ್ಯವೂ ಇತ್ತಲೇ ಇದೆ. ತಮಿಳಿನ ‘ಉಡೈ’ಗೆ ಕನ್ನಡದ ‘ಒಡೆ’ ಹೇಗೋ ಹಾಗೆ ‘ಪುಲೈ’ಗೆ ‘ಪೊಲೆ’. ‘ಪುಲೈಯನ್’ ಎಂಬುದಕ್ಕೆ ‘ಪೊಲೆಯಂ’. ಹೊಲವೆಂಬ ಅರ್ಥಕ್ಕೆ ತಮಿಳಿನಲ್ಲಿ ‘ಪುಲಂ’ ಬೇರೆಯೇ ಇದೆ. ಎರಡು ಪದಗಳ ಸ್ವರಸಂವಾದ ಸಮಾನವಾಗಿರುವುದರಿಂದಲೇ ಗೊಂದಲಕ್ಕೆ ಅವಕಾಶವಾಯಿತು.

ಹೀಗೆ ‘ಹೊಲದವನು’ ಎಂಬ ವಿವರಣೆ ನಿಲ್ಲುವುದಿಲ್ಲ. ಆದರೆ ಇಲ್ಲಿಗೆ ನಿಲ್ಲಿಸಿದರೆ ನಾವೂ ಅದೇ ತಪ್ಪನ್ನು ತಿರುಗಿಸಿ ಮಾಡಿದಂತಾಗುತ್ತದೆ. ಮುಟ್ಟು, ಸೂತಕ, ಮೈಲಿಗೆ ಎಂಬ ಅರ್ಥಗಳು ‘ಹೊಲೆ’ಗಿವೆ, ‘ಹೊಲಸು’ ಅದರ ಬಂಧು. ಹಾಗೆಂದು ಆ ಜನಕ್ಕೆ ಈ ಹೆಸರು ‘ಸಹಜ’ವಾಗಿ ಬಂತೆನ್ನಲಾದೀತೆ? ಸಂಗಂ ಸಾಹಿತ್ಯದ ‘ಪುಲೈಯನ್’ ವಾದ್ಯದೊಂದಿಗೂ ಸಾವಿನ ವಿಧಿಗಳೊಂದಿಗೂ ಸಂಬಂಧ ಪಡೆದವನು. ಪದವು ಜನರನ್ನು ಕೀಳಾಗಿಸಿತೊ, ಜನರಿಗೆ ವಿಧಿಸಿದ ಸ್ಥಾನ ಪದವನ್ನು ಕೀಳಾಗಿಸಿತೊ ಎಂಬುದನ್ನು ರೂಪರಚನೆಯೊಂದರಿಂದಲೇ ತೀರ್ಮಾನಿಸಲಾಗದು. ವ್ಯುತ್ಪತ್ತಿಯು ಪದದ ಘಟಕಗಳನ್ನು ತೋರಿಸುತ್ತದೆ, ಅಷ್ಟೇ. ಅವಮಾನ ಎಲ್ಲಿದೆ ಎಂಬುದನ್ನು ತೋರಿಸುವುದು ಅದರ ಕೈಲಾಗದು.

ಇದಕ್ಕೆ ಸರಳವಾದ ಒಂದು ಪರೀಕ್ಷೆ ಸಾಕು. ‘ಒಕ್ಕಲಿಗ’, ‘ಮಾದಿಗ’ ಎಂಬ ಎರಡು ಪದಗಳು ಕನ್ನಡದ ಕಿವಿಗೆ ಒಂದೇ ಅಂತ್ಯದವು. ಹಾಸನ ಸೀಮೆಯ ಹಳ್ಳಿಯಲ್ಲಿ ಮೊದಲನೆಯದನ್ನು ಹೇಳಿದರೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ಎರಡನೆಯದನ್ನು ಏಕವಚನದಲ್ಲಿ ಕೂಗಿದರೆ ಜಗಳವಾಗುತ್ತದೆ. ಒಬ್ಬರು ‘ಗೌಡ್ರೇ’, ‘ಬುದ್ಧಿ’ ಎಂದು ಕರೆಸಿಕೊಳ್ಳುತ್ತಿದ್ದ ಕಡೆಯಲ್ಲಿ ಇನ್ನೊಬ್ಬರ ಹೆಸರಿನ ಕೊನೆಯ ‘ಅಯ್ಯ’, ‘ಅಪ್ಪ’ಗಳೂ ಕತ್ತರಿಸಿಹೋಗಿ ತಿಮ್ಮಯ್ಯ ಬರಿಯ ತಿಮ್ಮನಾಗುತ್ತಿದ್ದ. ಅಂದಮೇಲೆ ಸಮುದಾಯನಾಮದ ಹೀನಾರ್ಥವನ್ನು ಒಂಟಿ ಪದದಲ್ಲಿ ಹುಡುಕಿ ಫಲವಿಲ್ಲ. ವಚನ, ಸಂಬೋಧನೆ, ವ್ಯಕ್ತಿನಾಮ ಎಲ್ಲವೂ ಸೇರಿದ ಒಂದು ಕರೆಯುವ ವ್ಯವಸ್ಥೆಯ ಭಾಗ ಅದು.

3. ಹೆಸರು ಬದಲಿಸಿದಾಗ

ಎರಡನೆಯ ದಾರಿಗೆ ಬೇಲೂರೇ ಹಳೆಯ ಸಾಕ್ಷಿ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ, ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯಕ್ಕೂ ಮೇಲುಕೋಟೆಗೂ ಸೇರಿದ ಒಂದು ಶ್ರೀವೈಷ್ಣವ ಐತಿಹ್ಯವಿದೆ: ರಾಮಾನುಜರು ಈ ಜನರನ್ನು ‘ತಿರುಕುಲ’ದವರೆಂದು ಕರೆದು, ವರ್ಷದ ಗೊತ್ತಾದ ಕೆಲವು ದಿನ ದೇವಾಲಯ ಪ್ರವೇಶದ ಹಕ್ಕನ್ನು ಕೊಟ್ಟರು. ಐತಿಹ್ಯದ ಚಾರಿತ್ರಿಕತೆ ಇಲ್ಲಿನ ವಿಷಯವಲ್ಲ. ಗಮನಿಸಬೇಕಾದದ್ದು ಪದ ಮತ್ತು ಪದದ ಮಿತಿ. ಸಂಸ್ಕೃತದ ‘ಶ್ರೀ’ಗೆ ಸಮನಾದ ತಮಿಳಿನ ‘ತಿರು’ ಕನ್ನಡದ ದೇವಾಲಯ ಪರಿಭಾಷೆಗೆ ಬಂದು, ಅತ್ಯಂತ ಗೌರವದ ವಿಶೇಷಣವಾಗಿ ಈ ಹೆಸರಿನಲ್ಲಿ ಕೂಡಿಕೊಂಡಿತು. ಆದರೆ ಬಾಗಿಲು ತೆರೆದದ್ದು ಪಂಚಾಂಗ ಒಪ್ಪಿದ ದಿನಗಳಲ್ಲಿ ಮಾತ್ರ. ಹೆಸರೂ ದೇವಾಲಯದ ಸುತ್ತಲೇ ಉಳಿಯಿತು. ಕೇರಿಯ ಹೆಸರನ್ನಾಗಲಿ ಊರಿನವರು ಕರೆಯುವ ರೀತಿಯನ್ನಾಗಲಿ ಅದು ಬದಲಿಸಲಿಲ್ಲ.

ಅದೇ ಶತಮಾನದ ವಚನಕಾರರು ಬೇರೊಂದು ಪ್ರಯೋಗ ಮಾಡಿದರು. ಹೀನ ಹೆಸರನ್ನು ಹುಟ್ಟಿನಿಂದ ಬಿಡಿಸಿ ನಡತೆಗೆ ಅಂಟಿಸಿದರು: ಕೆಟ್ಟದ್ದನ್ನು ಮಾಡುವವನೇ ಆ ಹೆಸರಿಗೆ ತಕ್ಕವನು. ಇದು ದೊಡ್ಡ ನೈತಿಕ ನಡೆ. ಆದರೂ ಅರ್ಥದ ದೃಷ್ಟಿಯಿಂದ ಇಲ್ಲಿ ಪಲ್ಲಟವಾದದ್ದು ಪದದ ನಿರ್ದೇಶವೇ ಹೊರತು ಅದರ ಮೌಲ್ಯವಲ್ಲ. ಬೈಗುಳ ಬೈಗುಳವಾಗಿಯೇ ಉಳಿಯಿತು, ಅದನ್ನು ಯಾರಿಗೆ ಹೊರಿಸಬೇಕೆಂಬುದು ಮಾತ್ರ ಬದಲಾಯಿತು.

ಇಪ್ಪತ್ತನೆಯ ಶತಮಾನದಲ್ಲಿ ಹೆಸರುಗಳು ಬೇಗಬೇಗನೆ ಬದಲಾದವು. 1920ರ ದಶಕದಲ್ಲಿ ಮೈಸೂರು ಸಂಸ್ಥಾನದ ದಾಖಲೆಗಳಲ್ಲಿ ‘ಪಂಚಮ’ ಹೋಗಿ ‘ಆದಿ ಕರ್ನಾಟಕ’, ‘ಆದಿ ದ್ರಾವಿಡ’ ಬಂದವು. 1930ರ ದಶಕದಲ್ಲಿ ಗಾಂಧೀಜಿಯವರಿಂದ ‘ಹರಿಜನ’ ದೇಶವ್ಯಾಪಿಯಾಯಿತು; ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ. 1982ರಲ್ಲಿ ಕೇಂದ್ರ ಸರ್ಕಾರವೇ ಆ ಪದವನ್ನು ಅಧಿಕೃತ ಬಳಕೆಯಿಂದ ಬಿಡುವಂತೆ ಸೂಚಿಸಿತು. ಈ ನಡುವೆ 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಚಳವಳಿಯಿಂದ ‘ದಲಿತ’ ಕನ್ನಡದಲ್ಲಿ ನೆಲೆಯೂರಿತು. ಆಡುಮಾತು ಅಷ್ಟರಲ್ಲಿ ತನ್ನದೇ ಸಂಕ್ಷಿಪ್ತಗಳನ್ನು ಕಂಡುಕೊಂಡಿತ್ತು: ‘ಎ.ಕೆ.’, ‘ಎಸ್ಸಿ’, ‘ಕಾಲೋನಿಯವರು’. ಹೊಸ ಬಡಾವಣೆಗೆ ನಗರದಲ್ಲಿ ಸಲ್ಲುವ ‘ಕಾಲೋನಿ’ ಎಂಬ ಪದ ಹಳ್ಳಿಯಲ್ಲಿ ಜಾತಿಸೂಚಕವಾದದ್ದು ಕುತೂಹಲಕರ. ಕೇರಳ ಸರ್ಕಾರ 2024ರ ಜೂನ್‌ನಲ್ಲಿ ಇದೇ ಕಾರಣಕ್ಕಾಗಿ ಆ ಪದವನ್ನು ದಾಖಲೆಗಳಿಂದ ಕೈಬಿಟ್ಟಿತು.

ಸ್ಟೀವನ್ ಪಿಂಕರ್ 1994ರಲ್ಲಿ ಇಂಥ ಸರಣಿಯನ್ನು ನಿಂತಲ್ಲೇ ಓಡಿಸುವ ಯಂತ್ರಕ್ಕೆ ಹೋಲಿಸಿದರು: ಪ್ರತಿ ಸೌಮ್ಯೋಕ್ತಿಯೂ ಕಾಲಕ್ರಮದಲ್ಲಿ ಮಾಸುತ್ತದೆ, ಇನ್ನೊಂದನ್ನು ಬೇಡುತ್ತದೆ. ನಮ್ಮ ಸಾಮಗ್ರಿಗೆ ಈ ವಿವರಣೆ ಅರ್ಧ ಮಾತ್ರ ಒಪ್ಪುತ್ತದೆ. ‘ಹರಿಜನ’, ‘ಎ.ಕೆ.’ಗಳಿಗೆ ಸರಿ. ಆದರೆ ‘ದಲಿತ’ವು ಇದೇ ಸರಣಿಯ ಮತ್ತೊಂದು ಸೌಮ್ಯೋಕ್ತಿಯಲ್ಲ, ಅದು ಸಹಿಸಿದ ಹಿಂಸೆಯನ್ನು ಮುಚ್ಚಿಡದೆ ಹೇಳುತ್ತದೆ, ಒಳಗಿನವರೇ ಆರಿಸಿಕೊಂಡದ್ದು. ಸಿದ್ಧಲಿಂಗಯ್ಯನವರು 1975ರ ತಮ್ಮ ಮೊದಲ ಸಂಕಲನಕ್ಕೆ ‘ಹೊಲೆಮಾದಿಗರ ಹಾಡು’ ಎಂದು ಹೆಸರಿಟ್ಟರು. 1990ರ ದಶಕದಲ್ಲಿ ಆಂಧ್ರದ ದಂಡೋರ ಚಳವಳಿಯ ನಾಯಕ ಮಂದ ಕೃಷ್ಣ ‘ಮಾದಿಗ’ ಎಂಬುದನ್ನು ತಮ್ಮ ಹೆಸರಿನ ಅಂಗವಾಗಿಸಿಕೊಂಡರು. ಮಾಸಿದ ಪದಗಳು ಇಲ್ಲಿ ವ್ಯುತ್ಪತ್ತಿಯ ನೆರವಿಲ್ಲದೆ, ಬದಲಿ ಪದವೂ ಇಲ್ಲದೆ, ಹೇಳುವವರು ಬದಲಾದದ್ದರಿಂದ ಬೇರೆ ಮೌಲ್ಯ ಪಡೆದವು. ಆ ಮೌಲ್ಯ ಬೇರೆಯವರ ಬಾಯಿಗೆ ವರ್ಗವಾಗುವುದಿಲ್ಲ ಎಂಬುದೂ ಅಷ್ಟೇ ನಿಜ.

4. ಕೆಡುಕಿಲ್ಲದ ಮೂಲ: ಇನ್ನೊಂದು ನಿದರ್ಶನ

ಪದದ ಮೂಲದಲ್ಲಿ ಯಾವ ಕಳಂಕವೂ ಇಲ್ಲದಾಗ ಏನಾಗುತ್ತದೆ? ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಲ್ಲಿ ನೆಲೆಸಿರುವ ಹಕ್ಕಿಪಿಕ್ಕಿ ಸಮುದಾಯದ ಹೆಸರನ್ನು ನೋಡಬಹುದು. ಇವರ ಮನೆಮಾತು ವಾಗ್ರಿ, ಗುಜರಾತಿಗೆ ಹತ್ತಿರದ ಇಂಡೋ-ಆರ್ಯ ಭಾಷೆ. ‘ಹಕ್ಕಿಪಿಕ್ಕಿ’ ಕನ್ನಡಿಗರು ಇಟ್ಟ ಪರನಾಮ. ಕನ್ನಡದ ಪ್ರತಿಧ್ವನಿ ಪದಗಳ ನಿಯಮದಂತೆ ‘ಹಕ್ಕಿಗಿಕ್ಕಿ’ ಆಗಬೇಕು. ‘ಪಿಕ್ಕಿ’ ಆ ನಿಯಮಕ್ಕೆ ಸಿಗುವುದಿಲ್ಲ. ಆದರೂ ಕೇಳುವವರಿಗೆ ಅದು ಪ್ರಾಸದ ಆಟದಂತೆ ಕೇಳಿಸಿ ನಗು ತರಿಸುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನಂತರ ಹಕ್ಕಿ ಹಿಡಿಯುವುದು ಅಪರಾಧ. ಹೆಸರು ಮಾತ್ರ ಆ ಕಸುಬನ್ನು ಇಂದಿಗೂ ಇವರಿಗೆ ಅಂಟಿಸಿದೆ. ಈ ಸಮುದಾಯದವರು ಗಿಡಮೂಲಿಕೆಯ ತೈಲ ಮಾರುತ್ತ ಆಫ್ರಿಕಾದ ದೇಶಗಳವರೆಗೂ ಹೋಗಿಬರುತ್ತಾರೆ. ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿರುವುದು ಆ ಪರನಾಮವೇ ಆದ್ದರಿಂದ ಸವಲತ್ತಿಗಾಗಿ ಅದನ್ನೇ ಹೇಳಬೇಕು. ಮೂಲ ನಿರ್ದೋಷವಾಗಿದ್ದರೂ ಹೆಸರು ಹೊರೆಯಾಗಬಲ್ಲುದು.

5. ನ್ಯಾಯಾಲಯ, ನಿಘಂಟು, ಸಮೀಕ್ಷೆ

ಭಾಷಾಶಾಸ್ತ್ರಜ್ಞರು ಹೇಳಬೇಕಿದ್ದ ಮಾತನ್ನು ಸುಪ್ರೀಂ ಕೋರ್ಟ್ 2008ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಉತ್ತರ ಭಾರತದ ಒಂದು ಜಾತಿನಾಮ ಬೈಗುಳವಾಗಿ ಬಳಕೆಯಾದ ಪ್ರಕರಣ ಅದು. 1989ರ ದೌರ್ಜನ್ಯ ತಡೆ ಕಾಯ್ದೆಯನ್ನು ಅನ್ವಯಿಸುವಾಗ ಪದದ ವ್ಯುತ್ಪತ್ತಿಯ ಅರ್ಥವನ್ನಲ್ಲ, ಬಳಕೆಯಿಂದ ಅದು ಪಡೆದಿರುವ ಜನಪ್ರಸಿದ್ಧ ಅರ್ಥವನ್ನು ನೋಡಬೇಕು ಎಂಬುದು ಪೀಠದ ನಿಲುವು. ಆ ಕಾಯ್ದೆಯೂ ಪದಗಳ ಪಟ್ಟಿಯನ್ನು ಕೊಡುವುದಿಲ್ಲ. ಹೇಳಿದವರಾರು, ಯಾರನ್ನು ಕುರಿತು, ಸಾರ್ವಜನಿಕರ ಕಣ್ಣಿಗೆ ಬೀಳುವ ಸ್ಥಳದಲ್ಲೆ ಎಂದು ಕೇಳುತ್ತದೆ. ಪ್ರಯೋಗಾರ್ಥದ ಪ್ರಾಥಮಿಕ ಪ್ರಶ್ನೆಗಳೇ ಇವು.

ನಮ್ಮ ನಿಘಂಟು ಪರಂಪರೆ ಈ ಪ್ರಶ್ನೆಗಳನ್ನು ಸಾಕಷ್ಟು ಕೇಳಿಲ್ಲ. 1894ರ ಕಿಟೆಲ್ ನಿಘಂಟಿನ ವಿಸ್ತಾರಕ್ಕೆ ನಾವೆಲ್ಲ ಋಣಿಗಳು. ಆದರೆ ಸಮುದಾಯನಾಮದ ಮುಂದೆ ‘ಕೀಳುಜಾತಿಯವನು’ ಎಂಬ ಬಗೆಯ ವಿವರಣೆ ಕೊಡುವ ರೂಢಿ, ಹೇಳುವವರ ತೀರ್ಪನ್ನೇ ಪದದ ಅರ್ಥವೆಂದು ದಾಖಲಿಸುತ್ತದೆ. ಪದವನ್ನು ಅಳಿಸುವುದು ಇದಕ್ಕೆ ಪರಿಹಾರವಲ್ಲ. ಅಳಿಸಿದರೆ ಶಾಸನವನ್ನೂ ವಚನವನ್ನೂ ದಲಿತ ಕಾವ್ಯವನ್ನೂ ಓದುವವರಿಗೆ ದಾರಿ ಇಲ್ಲದಾಗುತ್ತದೆ. ಸ್ವನಾಮವೆ ಪರನಾಮವೆ, ಯಾವ ಕಾಲದ್ದು, ಯಾರ ಬಾಯಲ್ಲಿ ಹೀನಾರ್ಥಕ, ಯಾರ ಬಾಯಲ್ಲಿ ಅಭಿಮಾನದ್ದು ಎಂಬ ಬಳಕೆಯ ಗುರುತುಗಳು ಪ್ರತಿ ನಮೂದಿಗೂ ಬೇಕು. ಕ್ಷೇತ್ರಕಾರ್ಯ ಮಾಡುವವರೂ ವಕ್ತೃವಿನ ಮಾತನ್ನು ಇದ್ದಂತೆ ಲಿಪ್ಯಂತರಿಸಿ, ತಮ್ಮ ಗದ್ಯದಲ್ಲಿ ಆ ಜನ ತಮಗೆ ತಾವು ಇಟ್ಟುಕೊಂಡ ಹೆಸರನ್ನೇ ಬಳಸಬೇಕು.

ಇದು ನಿಘಂಟಿನೊಳಗಿನ ವಿವಾದ ಮಾತ್ರವಲ್ಲ ಎಂಬುದಕ್ಕೆ ಇತ್ತೀಚಿನ ಸಂಗತಿಯೇ ಸಾಕ್ಷಿ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಒಳವರ್ಗೀಕರಣಕ್ಕೆ ಅವಕಾಶ ಕೊಟ್ಟಿತು. ಆ ಬಳಿಕ ರಾಜ್ಯದಲ್ಲಿ ನೇಮಕವಾದ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗಕ್ಕೆ ಎದುರಾದ ಮೊದಲ ತೊಡಕು ಹೆಸರಿನದೇ. ‘ಆದಿ ಕರ್ನಾಟಕ’, ‘ಆದಿ ದ್ರಾವಿಡ’, ‘ಆದಿ ಆಂಧ್ರ’ ಎಂಬ ಹೆಸರುಗಳು ಒಂದು ಜಿಲ್ಲೆಯಲ್ಲಿ ಒಂದು ಸಮುದಾಯವನ್ನೂ ಮತ್ತೊಂದರಲ್ಲಿ ಇನ್ನೊಂದನ್ನೂ ಸೂಚಿಸುತ್ತಿದ್ದವು. ಗೌರವಕ್ಕಾಗಿ ತಂದ ಹೆಸರು ನೂರು ವರ್ಷದ ಮೇಲೆ ಪಾಲನ್ನು ಮರೆಮಾಡಿತು. 2025ರ ಮೇ 5ರಿಂದ ಮನೆಮನೆಗೆ ಬಂದ ಗಣತಿದಾರರು ಮೂಲ ಜಾತಿಯ ಹೆಸರನ್ನೇ ಕೇಳಿದರು. ಆಗಸ್ಟ್‌ನಲ್ಲಿ ಸಲ್ಲಿಕೆಯಾದ ವರದಿ, ಆ ಮೂರು ಸಾಮಾನ್ಯ ಹೆಸರುಗಳಲ್ಲೇ ಉಳಿದವರಿಗೆ ಶೇಕಡ 1ರ ಪ್ರತ್ಯೇಕ ಗುಂಪನ್ನು ಸೂಚಿಸಿತು. ಸಚಿವ ಸಂಪುಟ ಕೊನೆಗೆ ಶೇಕಡ 6, 6, 5 ಎಂಬ ಮೂರು ಭಾಗಗಳನ್ನು ಒಪ್ಪಿತು.

ಹಾಸನ ಜಿಲ್ಲೆಯ ಅಂಚಿನಲ್ಲಿ, ತಿಪಟೂರಿಗೂ ಕಡೂರಿಗೂ ನೆರೆಯಾಗಿರುವ ಅರಸೀಕೆರೆಯಂಥ ತಾಲ್ಲೂಕಿನಲ್ಲಿ ಈ ಪ್ರಶ್ನೆಯ ಭಾರ ಊಹಿಸಬಹುದು. ಊರಿನಲ್ಲಿ ಬೈಗುಳವಾಗಿ ಕೇಳಿದ, ಶಾಲೆಯಲ್ಲಿ ಮುಚ್ಚಿಟ್ಟುಕೊಂಡ ಪದವನ್ನು ಅಪರಿಚಿತ ಗಣತಿದಾರನ ಮುಂದೆ ತನ್ನ ಬಾಯಿಂದಲೇ ಹೇಳಬೇಕು. ಹೇಳದಿದ್ದರೆ ಹಕ್ಕಿನ ಲೆಕ್ಕ ತಪ್ಪುತ್ತದೆ. ‘ನಿಮ್ಮ ಪದದ ಮೂಲಾರ್ಥ ಹೊಲದ ಒಡೆಯ’ ಎಂಬ ಸಮಾಧಾನದಿಂದ ಆ ಗಳಿಗೆ ಹಗುರವಾಗದು. ಅಲ್ಲಿ ನೆರವಾಗುವುದು ಗಣತಿದಾರ ಬಹುವಚನದಲ್ಲಿ ಕೇಳಿದನೆ, ಇತರರು ಕೇಳಿಸಿಕೊಳ್ಳದ ಕಡೆ ಕೇಳಿದನೆ, ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡನೆ ಎಂಬುದು. ನಮ್ಮ ಶಾಸ್ತ್ರ ಸಮುದಾಯನಾಮಗಳ ಬಗೆಗೆ ನಿಜಕ್ಕೂ ಏನನ್ನಾದರೂ ಹೇಳಬೇಕೆಂದಿದ್ದರೆ ಅಲ್ಲಿಂದಲೇ ತೊಡಗಬೇಕು.