ದಿಲ್ಲಿಯ ಚಳಿಗೆ ಮೆಡ್ಲೇರಿಯ ಕಂಬಳಿ

ಕಾರ್ತಿಕ ಬಹುಳ ತದಿಗೆಯ ಕನಕಜಯಂತಿಯಂದು ವೇದಿಕೆಯ ಮೇಲಿನ ಗಣ್ಯರ ಹೆಗಲಿಗೆ ಕರಿಯ ಕಂಬಳಿಯನ್ನು ಹೊದಿಸಿ ಅದರ ಮಹಿಮೆಯನ್ನು ಮನಸೋಕ್ತವಾಗಿ ವರ್ಣಿಸುವ ನಮ್ಮ ಹಾವೇರಿ, ರಾಣೆಬೆನ್ನೂರು ಸೀಮೆಯ ರಸಿಕರು, ಅದೇ ಪಕ್ಷದಲ್ಲಿ ವ್ಯಾಪಾರದ ನಿಮಿತ್ತವೋ ಮಂತ್ರಿಗಳಿಗೆ ಮನವಿ ಸಲ್ಲಿಸುವ ನಿಮಿತ್ತವೋ ದಿಲ್ಲಿಗೆ ಹೊರಟು ನಿಂತಾಗ, ಆ ಕಂಬಳಿಯನ್ನು ಅಟ್ಟದ ಮೇಲೆಯೇ ಬಿಟ್ಟು, ಪೇಟೆಯಲ್ಲಿ ಕೊಂಡ ನುಣುಪಾದ ಪಾಲಿಯೆಸ್ಟರ್ ರಗ್ಗೊಂದನ್ನು ಮಡಿಚಿ ಪೆಟ್ಟಿಗೆಯೊಳಕ್ಕೆ ತುರುಕುವರು. ಹೊಗಳಿಕೆಗೊಂದು ವಸ್ತು, ಹೊದಿಕೆಗೊಂದು ವಸ್ತು ಎಂಬ ಈ ವಿಭಾಗವು ಹೇಗೆ ಹುಟ್ಟಿತೆಂಬುದನ್ನು ಯಾವ ವಿಮರ್ಶಕನೂ ಕೇಳಿದಂತಿಲ್ಲ. ಕೇಳಬೇಕಾದ ಪ್ರಶ್ನೆಯಿದೆಂದು ನನ್ನ ಭಾವನೆ.

ಪ್ರಯಾಣಸನ್ನಾಹದ ಉಳಿದ ಅಂಗಗಳನ್ನು ಕುರಿತು ಇಲ್ಲಿ ಬರೆಯುವ ಉದ್ದೇಶವಿಲ್ಲ. ಹುಬ್ಬಳ್ಳಿಯಿಂದ ಮೇಲಕ್ಕೆ ರೈಲಿನಲ್ಲಿ ಎರಡು ರಾತ್ರಿಗಳನ್ನು ಕಳೆಯಬೇಕಾದವನ ಬುತ್ತಿಯಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳಿನ ಚಟ್ನಿ, ಹಿಂದಿನ ಸುಗ್ಗಿಯ ರಂಜಕ ಇವೆಲ್ಲ ಇರತಕ್ಕದ್ದೆಂಬುದನ್ನು ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಯಾರೂ ಬೋಧಿಸಬೇಕಾಗಿಲ್ಲ. ಕಾಲುಚೀಲ, ಕಿವಿಗೆ ಮಫ್ಲರು, ತುಟಿಗೆ ತುಪ್ಪ ಇತ್ಯಾದಿಗಳೂ ನಿರ್ವಿವಾದ. ಶರತ್ತು ಮುಗಿದು ಹೇಮಂತವು ಇಣುಕುವ ಆ ದಿನಗಳಲ್ಲಿ ದಿಲ್ಲಿಯ ರಾತ್ರಿಯ ಉಷ್ಣತೆ 10–12 ಡಿಗ್ರಿಗೆ ಇಳಿಯುವುದುಂಟು, ಚಳಿ ಒಣದಾಗಿರುವುದುಂಟು. ಇದನ್ನು ಒಮ್ಮೆ ಹೋಗಿಬಂದವರೆಲ್ಲರೂ ಬಲ್ಲರು. ವಿವಾದವಿರುವುದು ಹೊದಿಕೆಯಲ್ಲಿ.

ಮೆಡ್ಲೇರಿ ರಾಣೆಬೆನ್ನೂರು ತಾಲೂಕಿನ ಊರು. ಹಾಲುಮತದವರ ಕುಣಿಮಗ್ಗಗಳಿಂದ ಅದಕ್ಕೆ ಹೆಸರು ಬಂದಿದೆ. ಅಲ್ಲಿಯ ಕಂಬಳಿಯ ವಿಷಯದಲ್ಲಿ ವಿದ್ವಾಂಸರು ಬರೆದುದನ್ನು ಓದುವವನಿಗೆ ದೇವರಗುಡ್ಡದ ಗೊರವರು ಕಾಣುವರು, ದಸರೆಯ ಕಾರಣಿಕ ಕಾಣುವುದು, ಗದ್ದುಗೆ ಕಾಣುವುದು, ಕಾಗಿನೆಲೆಯ ಕನಕದಾಸರ ಪಟದಲ್ಲಿ ಹೆಗಲ ಮೇಲಿರುವ ಕರಿಯ ವಸ್ತ್ರವೂ ಕಾಣುವುದು. ಕಾಣದಿರುವುದು ಹುಣಸೆಬೀಜದ ಸರಿಯೊಂದೇ. ಕಂಬಳಿಯ ಕಲೆಯ ರಹಸ್ಯವೆಲ್ಲ ಅದರಲ್ಲಿಯೇ ಇರುವುದರಿಂದ, ಓದುಗರ ತಾಳ್ಮೆಯನ್ನು ಯಾಚಿಸಿ ಅಲ್ಲಿ ಸ್ವಲ್ಪ ನಿಲ್ಲುವೆನು.

ಹುಣಸೆಬೀಜವನ್ನು ಮೊದಲು ಹುರಿಯುವರು; ಹುರಿದಾಗ ಕಂದು ಸಿಪ್ಪೆ ಬಿರಿದು ಕಳಚಿಕೊಳ್ಳುವುದು. ಒಳಗಿನ ಬಿಳಿಯ ಬೇಳೆಯನ್ನು ನೆನೆಯಿಸಿ, ಅರೆದು, ನೀರು ಬೆರೆಸಿ, ಗಂಟಾಗದಂತೆ ತಿರುವುತ್ತ ಕುದಿಸಿದರೆ ಅಂಬಲಿಯಂತಹ ಮಂದವಾದ ಅಂಟು, ಅಂದರೆ ಸರಿ, ಸಿದ್ಧವಾಗುವುದು. ಕೈಯಿಂದ ನೂತ ಉಣ್ಣೆಯ ಒಂಟಿ ಎಳೆಗೆ ಮಗ್ಗದ ಹೊಡೆತವನ್ನು ತಾಳುವ ಶಕ್ತಿ ಸ್ವಭಾವತಃ ಇಲ್ಲ. ಆದುದರಿಂದ ಹಾಸುನೂಲನ್ನು ಬಯಲಿನಲ್ಲಿ ಉದ್ದಕ್ಕೆ ಬಿಗಿದು ಕಟ್ಟಿ, ಅಂಟನ್ನು ಕುಂಚದಿಂದ ತೀಡಿ ತೀಡಿ ಹಚ್ಚಿ ಬಿಸಿಲಿಗೆ ಒಣಗಿಸುವರು. ತೀಡುವಾಗ ಎಳೆಯಿಂದ ಹೊರಕ್ಕೆ ನಿಮಿರಿ ನಿಂತಿದ್ದ ಕೂದಲುಗಳೆಲ್ಲ ಒಂದೇ ದಿಕ್ಕಿಗೆ ಮಲಗುವುವು. ಮೋಡ ಮುಸುಕಿದ ದಿನ ಈ ಕೆಲಸ ಸಾಗದು. ಬಿಸಿಲಿನಲ್ಲಿ ಒಣಗಿದ ಎಳೆಯನ್ನು ಬೆರಳಿಂದ ಮೀಟಿದರೆ ಅದು ಬಗ್ಗದೆ ತಂತಿಯಂತೆ ಬಿರುಸಾಗಿ ನಿಲ್ಲುವುದು. ಹೀಗೆ ನಿಂತ ಎಳೆಗಳಿಂದ ನೆಯ್ದ ವಸ್ತ್ರವೂ ಬಿರುಸಾಗಿರಲೇಬೇಕು. ಮಳೆಯ ಹನಿ ಅದರ ಮೇಲೆ ಬಿದ್ದೊಡನೆ ಒಳಗೆ ಇಂಗದೆ ಜಾರುವುದು. ಗಾಳಿ ನುಗ್ಗುವ ಸಂದುಗಳು ಕಿರಿದಾಗುವುವು. ಮತ್ತು, ಯಾರೂ ಗಮನಿಸದ ಮುಖ್ಯ ಸಂಗತಿಯೆಂದರೆ, ಹೊದ್ದುಕೊಂಡವನ ಮೈಗೆ ಅದು ಒದ್ದೆಬಟ್ಟೆಯಂತೆ ಅಂಟಿಕೊಳ್ಳದೆ ಸ್ವಲ್ಪ ದೂರ ನಿಲ್ಲುವುದು. ಹಾಗೆ ಉಳಿದ ಎಡೆಯಲ್ಲಿ ನಿಶ್ಚಲವಾದ ಗಾಳಿ ನೆಲೆಸುವುದು. ದೇಹದ ಶಾಖವನ್ನು ಕಾಯುವುದು ನೂಲಲ್ಲ, ಈ ನಿಶ್ಚಲವಾದ ಗಾಳಿ.

ಇಲ್ಲಿಗೆ ನಮ್ಮ ಸುಧಾರಕರ ಪ್ರವೇಶವಾಗುತ್ತದೆ. ಕಂಬಳಿ ಚುಚ್ಚುವುದೆಂದು ಅವರ ದೂರು. ಸರಿಯನ್ನು ಬಿಟ್ಟು, ದಖನಿ ಕುರಿಯ ಒರಟು ತುಪ್ಪಟಕ್ಕೆ ನಯವಾದ ಮೆರಿನೋ ಉಣ್ಣೆಯನ್ನು ಬೆರೆಸಿ ನೆಯ್ದರೆ ನಗರವಾಸಿಗಳೂ ಕೊಳ್ಳುವರೆಂದು ಅವರ ಉಪದೇಶ. ಬೇರೊಬ್ಬರು ಇನ್ನೂ ಮುಂದೆ ಹೋಗಿ, ಸರಿ ಎಂಬುದು ಬಡತನದ ಉಪಾಯ, ಕಳಪೆ ನೂಲಿನ ದೋಷವನ್ನು ಮುಚ್ಚುವ ಲೇಪವೆಂದು ತೀರ್ಪಿತ್ತುದನ್ನೂ ಕೇಳಿದ್ದೇನೆ. ಲೇಪವೇ ಹೌದು; ಆದರೆ ದೋಷದಿಂದ ಗುಣವನ್ನು ಹುಟ್ಟಿಸುವುದೇ ಶಿಲ್ಪವಲ್ಲದಿದ್ದರೆ ಶಿಲ್ಪವೆಂದು ಇನ್ನಾವುದನ್ನು ಕರೆಯಬೇಕು? ಈ ಮಹನೀಯರಿಗೆ ಬ್ಯಾಡಗಿಯ ದಲಾಲರಿಂದ ಒಂದು ದಿನದ ಪಾಠವಾಗಬೇಕು. ಅಲ್ಲಿಯ ಮಾರುಕಟ್ಟೆಯಲ್ಲಿ ಡಬ್ಬಿ ಮೆಣಸಿನಕಾಯಿಯನ್ನು ಕೈಗೆತ್ತಿಕೊಂಡವನು ಅದರ ಬಣ್ಣವನ್ನೊಂದು ಗುಣವೆಂದೂ ಖಾರವನ್ನು ಇನ್ನೊಂದೆಂದೂ ಎಣಿಸುವನು. ಕಡುಕೆಂಪಾದುದೆಲ್ಲ ನಾಲಿಗೆಯನ್ನು ಸುಡಬೇಕೆಂದು ಭ್ರಮಿಸುವುದಿಲ್ಲ. 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಆ ಕಾಯಿಯ ಕೀರ್ತಿಯೆಲ್ಲ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದರ ಮೇಲೆಯೇ ನಿಂತಿದೆ. ಅದೇ ತಾಲೂಕಿನ, ಪಕ್ಕದ ತಾಲೂಕಿನ ವಿದ್ಯಾವಂತರು ಮಾತ್ರ ಹೊದಿಕೆಯ ವಿಷಯಕ್ಕೆ ಬಂದೊಡನೆ ನುಣುಪನ್ನೂ ಬೆಚ್ಚನೆಯನ್ನೂ ಒಂದೇ ಎಂದು ಬಗೆಯುವರು. ಅಂಗಡಿಯಲ್ಲಿ ಅಂಗೈಯಿಂದ ಸವರಿ ನೋಡಿದ ಸುಖವು, ನಡುರಾತ್ರಿ ಝಾನ್ಸಿ ದಾಟಿದ ಮೇಲೆ ಕಿಟಕಿಯ ಸಂದಿನಿಂದ ನುಗ್ಗುವ ಗಾಳಿಗೆ ಉತ್ತರವಾಗಲಾರದು.

ಕಂಬಳಿಯಲ್ಲಿ ಕೊರತೆಗಳಿಲ್ಲವೆಂದಲ್ಲ. ಭಾರವುಂಟು, ಸಣ್ಣದಾಗಿ ಮಡಿಕೆಯಾಗದು, ನೆನೆದರೆ ಕುರಿಹಟ್ಟಿಯ ವಾಸನೆ ಬರುವುದು, ಪಕ್ಕದ ಬರ್ತಿನವರು ಮುಖ ತಿರುಗಿಸುವರು, ಪದೇ ಪದೇ ತೊಳೆದರೆ ಸರಿ ಕರಗಿ ಅದರ ಬಿರುಸೇ ಹೋಗುವುದು. ಚುಚ್ಚುವುದೂ ನಿಜ. ಆದರೆ ಚುಚ್ಚುವುದಕ್ಕೆ ನಮ್ಮ ಅಜ್ಜಿಯರು ಪರಿಹಾರವನ್ನು ಎಂದೋ ಕಂಡುಕೊಂಡಿದ್ದರು: ಹಳೆಯ ಸೀರೆಗಳ ಪದರುಗಳನ್ನು ಕೂಡಿಸಿ ಹೊಲಿದ ಕೌದಿಯನ್ನು ಒಳಗೆ ಹೊದ್ದು ಅದರ ಮೇಲೆ ಕಂಬಳಿ. ಒಳಗಿನದು ಮೈಗೆ, ಹೊರಗಿನದು ಗಾಳಿಗೆ. ಈಚೆಗೆ ಶೀತದೇಶಗಳ ಉಡುಪಿನ ಪಂಡಿತರು ಪದರುಪದರಾಗಿ ಉಡಬೇಕೆಂದು ಬರೆಯುವುದನ್ನು ಓದಿ ಪುಳಕಗೊಳ್ಳುವ ನಮ್ಮವರಿಗೆ, ಅಟ್ಟದ ಮೇಲಿನ ಈ ಎರಡು ಪದರುಗಳು ನೆನಪಾಗದಿರುವುದು ಆಶ್ಚರ್ಯ.

ಹೊರಡುವವನು ಮಾಡಬೇಕಾದುದು ಇಷ್ಟೇ: ಕಂಬಳಿಯನ್ನು ಪೆಟ್ಟಿಗೆಯೊಳಗೆ ಅದುಮಲು ಹೋಗದೆ, ಕೌದಿಯನ್ನು ನಡುವೆಯಿಟ್ಟು ಸುರುಳಿ ಸುತ್ತಿ, ಹಗ್ಗದಿಂದ ಬಿಗಿದು ಹೊರಗೆಯೇ ಹಿಡಿಯುವುದು, ಕೂಲಿಯವನು ಇನ್ನಷ್ಟು ಹಣ ಕೇಳಿದರೆ ಕೊಡುವುದು. ಇನ್ನು ಸುಧಾರಕರ ಮೃದುಕಂಬಳಿಯನ್ನು ನಾನು ಮುಟ್ಟಿ ನೋಡಿದ್ದೇನೆ. ಶಾಲಿನ ಹಗುರತನವೂ ಅದಕ್ಕಿಲ್ಲ, ಕಂಬಳಿಯ ಬಿರುಸೂ ಇಲ್ಲ. ಅದನ್ನು ಸೋಫಾದ ಮೇಲೆ ಹಾಸಿ ಅತಿಥಿಗಳಿಗೆ ತೋರಿಸುವವರೊಡನೆ ನನ್ನದೇನೂ ತಕರಾರಿಲ್ಲ. ದಿಲ್ಲಿಗೆ ಹೊರಟವನ ಕೈಗೆ ಮಾತ್ರ ಅದನ್ನು ಕೊಡಕೂಡದು.