ಗಂಟೆ ಲೆಕ್ಕದಲ್ಲಿ ಆಟದ ಬೆಲೆ

ಟೊರಾಂಟೊದ ವಿಸೈ ಗೇಮ್ಸ್ ಎಂಬ ಪುಟ್ಟ ತಂಡ 2023ರಲ್ಲಿ ಹೊರತಂದ ‘ವೆಣ್ಬಾ’ ಸುಮಾರು ಒಂದೂವರೆ ಗಂಟೆಯಲ್ಲಿ ಮುಗಿದುಹೋಗುವ ವಿಡಿಯೊ ಆಟ. ಕೆನಡಾಕ್ಕೆ ಹೋಗಿ ನೆಲೆಸಿದ ತಮಿಳು ಹೆಣ್ಣುಮಗಳೊಬ್ಬಳು ತಾಯಿ ಕೊಟ್ಟ, ಅಲ್ಲಲ್ಲಿ ಹಾಳಾದ ಅಡುಗೆ ಪುಸ್ತಕ ಮುಂದಿಟ್ಟುಕೊಂಡು ಊರಿನ ಅಡುಗೆ ಮಾಡುತ್ತಾಳೆ. ಮೊದಲನೆಯದೇ ಇಡ್ಲಿ. ತಟ್ಟೆಗಳನ್ನು ಹೇಗೆಂದರೆ ಹಾಗೆ ಪೇರಿಸಿದರೆ ಇಡ್ಲಿ ಕೆಡುತ್ತದೆ. ಆಡುವವರೇ ಕ್ರಮ ಕಂಡುಕೊಳ್ಳಬೇಕು. (ನಮ್ಮಲ್ಲಿ ಅನೇಕರಿಗೆ ಇದೊಂದು ಒಗಟೇ ಅನ್ನಿಸಲಿಕ್ಕಿಲ್ಲ.) 2024ರಲ್ಲಿ ಬ್ರಿಟನ್ನಿನ ಬಾಫ್ಟಾ ಸಂಸ್ಥೆಯ ಚೊಚ್ಚಲ ಆಟದ ಪ್ರಶಸ್ತಿಯೂ ಇದಕ್ಕೇ ಬಂತು.

ಆದರೆ ಕಂಪ್ಯೂಟರ್ ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ನಿಯಮ ಚಿಕ್ಕ ಆಟಗಳಿಗೆ ಒಗ್ಗುವಂಥದ್ದಲ್ಲ. ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್. ಅಂದರೆ ಇಂಥ ಆಟವನ್ನು ಪೂರ್ತಿ ಆಡಿ, ಕಣ್ಣೊರೆಸಿಕೊಂಡು, ದುಡ್ಡನ್ನೂ ಹಿಂದಕ್ಕೆ ಪಡೆಯಬಹುದು. 2021ರಲ್ಲಿ ‘ಸಮ್ಮರ್ ಆಫ್ 58’ ಮಾಡಿದ ಎಮಿಕಾ ಗೇಮ್ಸ್‌ಗೆ ಆದದ್ದು ಇದೇ. ವಿಮರ್ಶೆಗಳು ಚೆನ್ನಾಗಿದ್ದರೂ ವಾಪಸಾತಿಗಳ ಹೊಡೆತಕ್ಕೆ ಬೇಸತ್ತು, ಆಟ ಮಾಡುವುದನ್ನೇ ಬಿಡುತ್ತೇನೆಂದು ಅದರ ನಿರ್ಮಾಪಕರು ಹೇಳಿಕೊಂಡರು.

ಆಡಿದ ಹೊತ್ತನ್ನೇ ಒಲವಿನ ಅಳತೆ ಮಾಡಿದರೆ ಚಿಕ್ಕ ಆಟ ಸೋತೇ ಹುಟ್ಟುತ್ತದೆ. ಮುಂದೆ ಕೊಳ್ಳಬೇಕೆಂದು ಗುರುತು ಹಾಕಿಡುವ ವಿಶ್‌ಲಿಸ್ಟ್ ತೋರಿಸುವುದು ಆಸೆಯನ್ನು, ಅನುಭವವನ್ನಲ್ಲ. ಏಕಕಾಲಕ್ಕೆ ಎಷ್ಟು ಜನ ಆಡುತ್ತಿದ್ದಾರೆ ಎಂಬ ಅಂಕಿಯಂತೂ ಒಮ್ಮೆ ಆಡಿ ಎದ್ದುಹೋಗುವ ಕಥೆಗೆ ಹೊಂದುವುದೇ ಇಲ್ಲ. 2018ರಲ್ಲಿ ಬಂದ ‘ಅಮಾಂಗ್ ಅಸ್’ 2020ರಲ್ಲಿ, ತಾವು ಆಡುವುದನ್ನು ನೇರಪ್ರಸಾರ ಮಾಡುವ ಸ್ಟ್ರೀಮರ್‌ಗಳ ಕೈಗೆ ಸಿಕ್ಕಮೇಲಷ್ಟೇ ಮನೆಮಾತಾಯಿತು; ಏರಿದ ಅಂಕಿಯಲ್ಲಿ ಆಟದ ಗುಣದಷ್ಟೇ ಅದೃಷ್ಟವೂ ಇತ್ತು.

ನನಗೆ ನಂಬಿಕೆ ಹುಟ್ಟಿಸುವುದು ಯಾರೂ ಅಷ್ಟಾಗಿ ನೋಡದ ಅಚೀವ್‌ಮೆಂಟ್ ಪಟ್ಟಿ, ಅಂದರೆ ಆಟದ ಯಾವ ಹಂತವನ್ನು ಶೇಕಡಾ ಎಷ್ಟು ಜನ ಮುಟ್ಟಿದರು ಎಂಬ ಲೆಕ್ಕ. ಮೊದಲ ಅಧ್ಯಾಯ ದಾಟಿದವರಲ್ಲಿ ಎಷ್ಟು ಪಾಲು ಕೊನೆಯದನ್ನೂ ದಾಟಿದರು? ಸೇಲ್‌ನಲ್ಲಿ ಕೊಂಡು ತೆರೆಯದೇ ಬಿಟ್ಟವರು ಈ ಲೆಕ್ಕದಲ್ಲಿ ತಾವಾಗಿಯೇ ಜಾರಿಹೋಗುತ್ತಾರೆ. ಅದರ ಪಕ್ಕಕ್ಕೆ ವಿಮರ್ಶೆಗಳನ್ನು ಇಟ್ಟು ಓದಬೇಕು. ನಾನೂರು ಗಂಟೆ ಆಡಿ ‘ಬೇಡ’ ಎನ್ನುವವರೂ ಅಲ್ಲಿರುತ್ತಾರೆ; ಒಂದೇ ಗಂಟೆ ಆಡಿ, ಅಮ್ಮನಿಗೆ ಫೋನ್ ಮಾಡಿದೆ ಎಂದು ಬರೆಯುವವರಿದ್ದರೆ ಆ ಒಂದು ಸಾಲಿಗೆ ನಾನು ಹೆಚ್ಚು ತೂಕ ಕೊಡುತ್ತೇನೆ.

ತೊಡಕೂ ಇದೆ. ಕೊನೆಯಲ್ಲಷ್ಟೇ ಒಂದು ಅಚೀವ್‌ಮೆಂಟ್ ಇಟ್ಟರೆ ಜನ ಬಿಟ್ಟುಹೋದದ್ದು ತಿಳಿಯುತ್ತದೆ, ಎಲ್ಲಿ ಬಿಟ್ಟರೆಂಬುದು ತಿಳಿಯುವುದಿಲ್ಲ. ಅಧ್ಯಾಯಕ್ಕೊಂದು ಇಡುವುದು ನಿರ್ಮಾಪಕರಿಗೆ ಅಂಥ ದೊಡ್ಡ ಕೆಲಸವೇನಲ್ಲ.