ಗೋಲ ತುಂಬಿದವನೇ ವಕೀಲ

ನಮ್ಮ ಹುಡುಗರು ಕಾನೂನು ಓದಿ, ಕರಿಕೋಟು ತೊಟ್ಟ ಮೇಲೂ ಇನ್ನೊಂದು ಹೊಸ್ತಿಲು ದಾಟಬೇಕು. ಅದು ಬಾರ್ ಕೌನ್ಸಿಲ್ ಆಫ್ ಇಂಡಿಯಾ ನಡೆಸುವ ಅಖಿಲ ಭಾರತ ವಕೀಲರ ಪರೀಕ್ಷೆ. ಮೊದಲು ನಡೆದದ್ದು 2011ರ ಮಾರ್ಚಿನಲ್ಲಿ. ಇದನ್ನು ನಡೆಸುವ ಅಧಿಕಾರ ಕೌನ್ಸಿಲಿಗಿದೆ ಎಂದು 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ ಹೇಳಿತು. ಅಧಿಕಾರ ಇದೆ, ಸರಿ. ಅದನ್ನು ಹೇಗೆ ನಡೆಸ್ತಾರೆ ಅನ್ನೋದು ನಮ್ಮ ಪ್ರಶ್ನೆ.

ಮೊದಲು ದುಡ್ಡಿನ ಮಾತು. 1961ರ ವಕೀಲರ ಕಾಯ್ದೆಯ 24ನೇ ಕಲಮಿನಂತೆ ನೋಂದಣಿಗೆ ಸಾಮಾನ್ಯರಿಗೆ 750 ರೂಪಾಯಿ, ಪರಿಶಿಷ್ಟರಿಗೆ 125. ಇದಕ್ಕಿಂತ ಹೆಚ್ಚು ವಸೂಲಿ ಮಾಡುವಂತಿಲ್ಲವೆಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟು ಗದರಿಸಬೇಕಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ನಡೆದ ಪರೀಕ್ಷೆಯ ಶುಲ್ಕ ಎಷ್ಟು? ಸಾಮಾನ್ಯರಿಗೆ 3,500, ಪರಿಶಿಷ್ಟರಿಗೆ 2,500. ಲೆಕ್ಕ ಹಾಕಿ ನೋಡಿ. ಅವರಿಗೆ ನೋಂದಣಿ ಶುಲ್ಕದ ಐದು ಪಟ್ಟೂ ಇಲ್ಲ, ನಮಗೆ ಇಪ್ಪತ್ತು ಪಟ್ಟು! ಇದನ್ನೂ ರಿಯಾಯಿತಿ ಅಂತಾರೆ. ಫೇಲಾದರೆ ಎಷ್ಟು ಸಲ ಬೇಕಾದರೂ ಕೂರಬಹುದು, ಆದರೆ ಪ್ರತಿ ಸಲವೂ ದುಡ್ಡು ಕಟ್ಟಬೇಕು. 1923ರಲ್ಲಿ ವಕೀಲಿ ಶುರು ಮಾಡುವಾಗ ಸನದಿನ ಶುಲ್ಕಕ್ಕೆ ಅಂಬೇಡ್ಕರ್ ಗೆಳೆಯ ನವಲ್ ಭತೇನಾರ ಹತ್ತಿರ ಕೈ ಚಾಚಬೇಕಾಯಿತು. ಎಲ್ಲರಿಗೂ ಅಂಥ ಗೆಳೆಯ ಸಿಗೋದಿಲ್ಲ.

ಇನ್ನು ಪರೀಕ್ಷೆ. ನೂರು ಪ್ರಶ್ನೆ. ನಾಲ್ಕು ಉತ್ತರದಲ್ಲಿ ಒಂದನ್ನು ಆರಿಸಿ ಗೋಲ ತುಂಬಬೇಕು. ತಪ್ಪಿಗೆ ಅಂಕ ಕಳೆಯೋದಿಲ್ಲ. ಕಣ್ಣು ಮುಚ್ಚಿ ತುಂಬಿದರೂ ಸರಾಸರಿ ಇಪ್ಪತ್ತೈದು ಬರುತ್ತದೆ. ತಿದ್ದುವುದು ಯಂತ್ರ. ಪ್ರಶ್ನೆಪತ್ರಿಕೆಯ ಸೆಟ್ ಕೋಡ್ ತುಂಬಲು ಮರೆತರೆ ಯಾವ ಉತ್ತರಪಟ್ಟಿಗೆ ಹೋಲಿಸಬೇಕೆಂದು ಅದಕ್ಕೆ ತಿಳಿಯದು. ಹುಡುಗನಿಗೆ ಕಾನೂನು ಗೊತ್ತಿಲ್ಲವೆಂದು ಅದರ ಅರ್ಥವೆ?

ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, ಒಪ್ಪುತ್ತೇವೆ. ಆದರೆ ವಕೀಲನಾಗುವವನು ಒಂದು ಸಾಲನ್ನೂ ಬರೆಯದೆ ಪಾಸಾಗುತ್ತಾನಲ್ಲ! ಕೇರಿಯ ಹೆಣ್ಣುಮಗಳು ಜಾತಿ ಹಿಡಿದು ಬೈಸಿಕೊಂಡು ಬಂದು ಮುಂದೆ ಕೂತಿದ್ದಾಳೆ ಅಂದುಕೊಳ್ಳಿ. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಆ ಅವಮಾನ ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಆಗಿರಬೇಕು. ಬಾವಿಕಟ್ಟೆಯೋ, ಮನೆಯೊಳಗೋ? ಯಾರ್‍ಯಾರು ಕೇಳಿಸಿಕೊಂಡರು? ಇದನ್ನು ಅವಳಿಂದ ಕೇಳಿ ತಿಳಿದು ದೂರಿನಲ್ಲಿ ಬರೆಯದಿದ್ದರೆ ಕೇಸು ಬಿದ್ದುಹೋಗುತ್ತದೆ. ಅಳುವವಳ ಮಾತನ್ನು ತಾಳ್ಮೆಯಿಂದ ಕೇಳಿ ಬರೆಯುವ ಈ ವಿದ್ಯೆಗೆ ಅಲ್ಲಿ ಒಂದು ಅಂಕವೂ ಇಲ್ಲ. ಕಲಮಿನ ನಂಬರ್ ಕೇಳ್ತಾರೆ. ಅದಂತೂ ಪರೀಕ್ಷೆಗೆ ಒಯ್ಯಲು ಬಿಡುವ ಮೂಲ ಕಾಯ್ದೆಯ ಪುಸ್ತಕದಲ್ಲೇ ಇರುತ್ತದೆ!

ಪಾಸಿಗೆ ಮೊದಲು 40 ಇತ್ತು, ಪರಿಶಿಷ್ಟರಿಗೆ 35. 2023ರ ಡಿಸೆಂಬರಿನಲ್ಲಿ ಅದನ್ನು 45 ಮತ್ತು 40 ಮಾಡಿದರು. ಈ ಐದು ಅಂಕ ಹಿಡಿದೇ ಕೋರ್ಟಿನ ಕ್ಯಾಂಟೀನಿನಲ್ಲಿ ನಮ್ಮವರನ್ನು ‘ಕೋಟಾ ವಕೀಲ’ ಅಂತ ನಗುವವರಿದ್ದಾರೆ. ಅಪ್ಪನ ಆಫೀಸು, ಮಾವನ ಕಕ್ಷಿದಾರರು, ಅಣ್ಣನ ಪುಸ್ತಕದ ಬೀರು ಬಳುವಳಿಯಾಗಿ ಬಂದವನ ಅಂಕವನ್ನು ಯಾರೂ ಎಣಿಸೋದಿಲ್ಲ.

ಪರೀಕ್ಷೆಯೇ ಬೇಡ ಎನ್ನುವ ಗೆಳೆಯರೂ ನಮ್ಮಲ್ಲಿದ್ದಾರೆ. ನಾವು ಅವರ ಜೊತೆಗಿಲ್ಲ. ಅರೆಬರೆ ಓದಿದ ವಕೀಲನ ಕೈಗೆ ಸಿಕ್ಕಿ ಮೊದಲು ಹಾಳಾಗುವುದು ಬಡವನ ಜಮೀನೇ. ನಾವು ಕೇಳುವುದು ಇಷ್ಟು: ಗೋಲಗಳ ಜೊತೆಗೆ ಒಂದು ದೂರನ್ನೋ ಜಾಮೀನು ಅರ್ಜಿಯನ್ನೋ ಅವರವರ ಭಾಷೆಯಲ್ಲಿ ಬರೆಸಲಿ, ಅದನ್ನು ಹೆಸರು ಮರೆಮಾಡಿ ಮನುಷ್ಯರೇ ತಿದ್ದಲಿ. ಇದಕ್ಕೆ ಖರ್ಚಾಗುತ್ತದೆ ಅಂತಾರೆ. ಹಾಗಾದರೆ ಈಗ ತೆಗೆದುಕೊಳ್ಳುತ್ತಿರುವ 2,500 ರೂಪಾಯಿ ಯಾತಕ್ಕೆ ಖರ್ಚಾಗುತ್ತಿದೆ, ಆ ಲೆಕ್ಕವನ್ನು ಮೊದಲು ಕೊಡಲಿ.